ಹಳೆಯ ಮೋಟಾರು ಗಾಡಿಗಳ ಜೀರ್ಣೋದ್ಧಾರ

ದೇವಾಲಯದ ಜೀರ್ಣೋದ್ಧಾರಕ್ಕೆಂದು ಹೊರಟವರು ಶಿಲಾಶಾಸನದ ಮೇಲೆ ಸುಣ್ಣ ಬಳಿದುಬಿಟ್ಟರೆ ಗುಡಿ ಬೆಳ್ಳಗಾಗುವುದೇನೋ ನಿಜ. ಆದರೆ ಅದರ ಚರಿತ್ರೆ ಮರೆಯಾಗುವುದು. ಹಳೆಯ ಮೋಟಾರು ಗಾಡಿಗಳಿಗೂ ಇದೇ ಗತಿ ಒದಗುವುದುಂಟು. ಬಣ್ಣ ಥಳಥಳಿಸಿದರೆ ಸಾಕು, ಒಳಗೆ ಯಾವ ಯಂತ್ರವಿದ್ದರೇನು ಎಂಬ ಭಾವನೆಯನ್ನು ನಾವು ಒಪ್ಪಲಾರೆವು. ಹಳೆಯ ಗಾಡಿಯು ಶ್ರೀಮಂತರ ವಿನೋದದ ವಸ್ತು ಮಾತ್ರವಲ್ಲ. ಅದು ವಿಜ್ಞಾನದ ಒಂದು ದಾಖಲೆ.

ಫೋರ್ಡ್ ಸಂಸ್ಥೆಯ ಟಿ ಮಾದರಿಯ ಕಾರನ್ನೇ ನೋಡೋಣ. 1908ರಿಂದ 1927ರವರೆಗೆ ಇಂಥ ಕಾರುಗಳು ಸುಮಾರು ಒಂದೂವರೆ ಕೋಟಿ ತಯಾರಾದವು. ಇದರಲ್ಲಿ ಪೆಟ್ರೋಲನ್ನು ಎಂಜಿನಿಗೆ ದೂಡುವ ಪಂಪು ಇಲ್ಲ. ಹೆಚ್ಚಿನ ಗಾಡಿಗಳಲ್ಲಿ ಪೆಟ್ರೋಲಿನ ತೊಟ್ಟಿ ಆಸನದ ಕೆಳಗಿರುವುದು. ಭೂಮಿಯ ಆಕರ್ಷಣೆಯಿಂದಲೇ ಪೆಟ್ರೋಲು ಮುಂದಕ್ಕೆ ಹರಿಯಬೇಕು. ಕಡಿದಾದ ಏರಿನಲ್ಲಿ ಗಾಡಿಯ ಮುಂಭಾಗ ಮೇಲೆದ್ದಾಗ, ತೊಟ್ಟಿಯಲ್ಲಿ ಪೆಟ್ರೋಲು ಕಡಮೆಯಿದ್ದರೆ, ಈ ಹರಿವು ನಿಂತುಹೋಗುವುದು. ಆಗ ಚಾಲಕರು ಗಾಡಿಯನ್ನು ತಿರುಗಿಸಿ ಹಿಮ್ಮುಖವಾಗಿಯೇ ಗುಡ್ಡ ಹತ್ತಿಸುತ್ತಿದ್ದರು! ಎಂಜಿನನ್ನು ತಣಿಸುವ ನೀರಿಗೂ ಹೆಚ್ಚಿನ ಗಾಡಿಗಳಲ್ಲಿ ಪಂಪು ಇರಲಿಲ್ಲ. ಕಾದ ನೀರು ಹಗುರವಾಗಿ ರೇಡಿಯೇಟರಿನ ಮೇಲ್ಭಾಗಕ್ಕೆ ಏರುವುದು; ಅಲ್ಲಿ ತಣಿದು, ಭಾರವಾಗಿ ಕೆಳಗಿಳಿದು, ಮರಳಿ ಎಂಜಿನನ್ನು ಸೇರುವುದು. ತರಗತಿಯಲ್ಲಿ ಕಲಿತ ಉಷ್ಣಸಂವಹನವು ಇಲ್ಲಿ ಕಣ್ಣೆದುರಿಗೇ ದುಡಿಯುತ್ತಿದೆ.

ಇಂಥ ಗಾಡಿಗೆ ಇಂದಿನ ಎರಡು ಪಂಪುಗಳನ್ನು ಜೋಡಿಸಿದರೆ ಸವಾರಿ ಸುಗಮವಾದೀತು. ಆದರೆ ಮಿತವಾದ ಸಾಮಗ್ರಿಯಿಂದ ಅಂದಿನವರು ಕಂಡುಕೊಂಡ ಪರಿಹಾರಗಳೆರಡೂ ಮಾಯವಾಗುವುವು.

ಅಪೂರ್ವ ಗಾಡಿಗಳ ಬೆಲೆ ಇನ್ನೂ ಹೆಚ್ಚಿನದು. 1900ರಲ್ಲಿ ಅಮೆರಿಕ ಸಂಯುಕ್ತ ಸಂಸ್ಥಾನದಲ್ಲಿ ತಯಾರಾದ 4,192 ಕಾರುಗಳ ಪೈಕಿ 1,681 ಉಗಿಯಿಂದಲೂ, 1,575 ವಿದ್ಯುತ್ತಿನಿಂದಲೂ ಓಡುತ್ತಿದ್ದವು. ಪೆಟ್ರೋಲಿನವು 936 ಮಾತ್ರ. 1906ರಲ್ಲಿ ಸ್ಟ್ಯಾನ್ಲಿ ಸಂಸ್ಥೆಯ ಉಗಿಕಾರೊಂದು ಫ್ಲಾರಿಡಾದ ಕಡಲ ದಂಡೆಯಲ್ಲಿ ಗಂಟೆಗೆ 200 ಕಿಲೋಮೀಟರಿಗೂ ಮಿಕ್ಕ ವೇಗದಿಂದ ಧಾವಿಸಿತು. ಪೆಟ್ರೋಲು ಗೆದ್ದ ಮಾತ್ರಕ್ಕೆ ಮಿಕ್ಕ ದಾರಿಗಳು ಮೂರ್ಖತನದವೆಂದು ತಿಳಿಯಬಾರದು. ಇಂದು ವಿದ್ಯುತ್ ಕಾರು ಮತ್ತೆ ಬೀದಿಗೆ ಬಂದಿರುವುದೇ ಇದಕ್ಕೆ ಸಾಕ್ಷಿ.

ಹಾಗಾದರೆ ಏನನ್ನೂ ಬದಲಿಸಲೇಕೂಡದೆ? ಹಾಗಲ್ಲ. ಟಿ ಮಾದರಿಯಲ್ಲಿ ಕಾಲಿನ ಬ್ರೇಕು ಗಾಲಿಗಳನ್ನು ಹಿಡಿಯದೆ ಗೇರುಪೆಟ್ಟಿಗೆಯೊಳಗಿನ ಭಾಗವನ್ನು ಹಿಡಿಯುವುದು. ಇಂದಿನ ರಸ್ತೆಯಲ್ಲಿ ಅದೊಂದನ್ನೇ ನಂಬುವುದು ಅಪಾಯಕರ. ಪ್ರಾಣರಕ್ಷಣೆಗಾಗಿ ಬೇರೆ ಬ್ರೇಕನ್ನು ಕೂಡಿಸುವುದು ಯುಕ್ತವೇ. ಆದರೆ ಹೊಸದನ್ನು ಬೇಕಾದಾಗ ಕಳಚುವಂತಿರಬೇಕು; ಮಾಡಿದ ಕೆಲಸವನ್ನೆಲ್ಲ ಬರೆದಿಡಬೇಕು; ತೆಗೆದ ಮೂಲಭಾಗವನ್ನು ಗುಜರಿಗೆ ಹಾಕದೆ ಕಾಪಾಡಬೇಕು.

ನಮ್ಮ ದೇಶದ ನಿಯಮವೂ ಇದೇ ದಿಕ್ಕಿನಲ್ಲಿದೆ. 2021ರ ತಿದ್ದುಪಡಿಯಂತೆ, ಮೊದಲ ನೋಂದಣಿಯಿಂದ 50 ವರ್ಷ ಮೀರಿದ, ಚಾಸಿ, ಮೈಕಟ್ಟು, ಎಂಜಿನುಗಳಲ್ಲಿ ಗಣನೀಯ ಮಾರ್ಪಾಡು ಹೊಂದದ ವೈಯಕ್ತಿಕ ಬಳಕೆಯ ವಾಹನಗಳಿಗೆ ‘ವಿಂಟೇಜ್’ ಎಂಬ ಪ್ರತ್ಯೇಕ ನೋಂದಣಿ ದೊರೆಯುವುದು. ಆದರೆ ಕಾಯಿದೆಯಿಂದ ಯಂತ್ರ ಉಳಿಯದು. ನಿಂತ ಗಾಡಿಯಲ್ಲಿ ರಬ್ಬರು ಗಡುಸಾಗುವುದು, ಪೆಟ್ರೋಲು ಅಂಟಾಗುವುದು, ತೇವದಿಂದ ತುಕ್ಕು ಹಿಡಿಯುವುದು. ಎಂಜಿನನ್ನು ಕ್ಷಣಕಾಲ ಚಾಲೂ ಮಾಡಿ ನಿಲ್ಲಿಸುವುದೂ ಲೇಸಲ್ಲ. ಉರಿದ ಪೆಟ್ರೋಲಿನಿಂದ ಹುಟ್ಟುವ ನೀರಾವಿ ಹೊರಹೋಗದೆ ಒಳಗೇ ಹನಿಗಟ್ಟುವುದು. ಪೂರ್ತಿ ಬಿಸಿಯಾಗುವಷ್ಟು ದೂರ ಗಾಡಿಯನ್ನು ಆಗಾಗ ಓಡಿಸಬೇಕು.

ಇದಕ್ಕೆಲ್ಲ ನುರಿತ ಕೈಗಳು ಬೇಕು. ಬೇರಿಂಗಿಗೆ ಎರಕ ಹೊಯ್ಯಬಲ್ಲ, ಹಳೆಯ ಕಾರ್ಬುರೇಟರನ್ನು ಕಿವಿಯಿಂದಲೇ ಹದಗೊಳಿಸಬಲ್ಲ ಮಿಸ್ತ್ರಿಗಳು ವಿರಳರಾಗುತ್ತಿದ್ದಾರೆ. ಅವರೊಡನೆ ಆ ವಿದ್ಯೆಯೂ ಹೋದರೆ ಗಾಡಿಗಳು ಉಳಿದರೂ ಅವುಗಳನ್ನು ಅರಿಯುವವರಿರುವುದಿಲ್ಲ. ವಿದ್ಯಾರ್ಥಿಮಿತ್ರರು ಧರ್ಮಸ್ಥಳದ ವಾಹನ ಸಂಗ್ರಹದಂಥ ಕಡೆಗೆ ಹೋದಾಗ ಬಣ್ಣವನ್ನು ನೋಡಿ ಬೆರಗಾಗಿ ಮರಳದಿರಲಿ. ಈ ಕೊಳವೆ ಇಲ್ಲೇಕೆ, ಈ ಸನ್ನೆ ಏನನ್ನು ಎಳೆಯುವುದು ಎಂದು ಕೇಳಲಿ. ಊರಿನ ಹಿರಿಯ ಮಿಸ್ತ್ರಿಯ ಬಳಿ ರಜೆಯ ನಾಲ್ಕು ದಿನ ಕೈ ಮಸಿ ಮಾಡಿಕೊಳ್ಳಲಿ. ಪುಸ್ತಕದಲ್ಲಿ ದೊರೆಯದ ಯಂತ್ರಶಾಸ್ತ್ರದ ಪಾಠಗಳು ಅಲ್ಲಿ ದೊರೆಯುವುವು.