ಚಳಿಗಾಲದ ಅಡಿಗೆಯೂ ಅಕ್ಕಡಿ ಸಾಲೂ

ಮಾರ್ಗಶಿರ ಪುಷ್ಯಗಳ ಚಳಿಯಲ್ಲಿ ಹಳೆಯ ಮೈಸೂರು ಸೀಮೆಯ ಬಯಲುನಾಡಿನ ಮನೆಗಳಲ್ಲಿ ನಡೆಯುವ ಅಡಿಗೆಯ ಸಮಾಚಾರವು ವ್ಯವಸಾಯದ ಪತ್ರಿಕೆಗೆ ಸಲ್ಲದೆಂದು ಕೆಲವರಿಗೆ ತೋರಬಹುದು. ಅಡಿಗೆಯು ಹೆಂಗಸರ ಕಾರ್ಯ, ಸಾಗುವಳಿಯು ಯಜಮಾನನ ಕಾರ್ಯ ಎಂಬ ವಿಭಾಗವು ರೂಢಿಯಲ್ಲಿ ಬಂದಿರುವುದೇ ಇದಕ್ಕೆ ಕಾರಣ. ವಾಸ್ತವವಾಗಿ, ಈ ಎರಡು ತಿಂಗಳು ಒಲೆಯ ಮೇಲೆ ಏನು ಬೇಯತಕ್ಕದ್ದೆಂಬುದು ಆಷಾಢ ಶ್ರಾವಣಗಳಲ್ಲಿ, ರಾಗಿಯ ಬಿತ್ತನೆಯ ದಿನ, ಹೊಲದಲ್ಲಿಯೇ ತೀರ್ಮಾನವಾಗಿರುತ್ತದೆ. ರಾಗಿಯ ನಡುವೆ ಅಕ್ಕಡಿ ಸಾಲು ಬಿಟ್ಟವನ ಮನೆಯಲ್ಲಿ ಒಂದು ಬಗೆಯ ಊಟ, ಬರಿಯ ರಾಗಿಯನ್ನು ಬಿತ್ತಿದವನ ಮನೆಯಲ್ಲಿ ಇನ್ನೊಂದು ಬಗೆಯ ಊಟ.

ಕೋಲಾರ, ಚಿಕ್ಕಬಳ್ಳಾಪುರ, ತುಮಕೂರು, ಮಾಗಡಿಯ ಕಡೆಗಳಲ್ಲಿ ಚಳಿಗಾಲದ ಅಡಿಗೆಯೆಂದರೆ ಮುಖ್ಯವಾಗಿ ಅವರೆಯ ಅಡಿಗೆ. ಬೆಳಿಗ್ಗೆ ಅಕ್ಕಿಹಿಟ್ಟಿಗೆ ಹಸಿ ಅವರೆಕಾಳು, ಸಬ್ಬಸಿಗೆ ಸೊಪ್ಪು, ಮೆಣಸಿನಕಾಯಿ ಬೆರೆಸಿ ಕಾವಲಿಯ ಮೇಲೆ ತಟ್ಟಿದ ರೊಟ್ಟಿ. ಅದಿಲ್ಲದ ದಿನ ಕಾಳು ಹಾಕಿದ ಉಪ್ಪಿಟ್ಟು. ಮಧ್ಯಾಹ್ನ ಮುದ್ದೆಗೆ ಕಾಳಿನ ಸಾರು. ಧನುರ್ಮಾಸದಲ್ಲಿ ಹೆಸರುಬೇಳೆಯ ಹುಗ್ಗಿಯೂ, ಸಂಕ್ರಾಂತಿಯಲ್ಲಿ ಗೆಣಸು ಕಡಲೆಕಾಯಿಗಳೊಡನೆ ಬೇಯಿಸಿದ ಇಡೀ ಅವರೆಕಾಯಿಯೂ ಉಂಟು. ಇವೆಲ್ಲಕ್ಕೂ ಮಿಗಿಲಾದುದು ಹಿದುಕಿದ ಬೇಳೆಯ ಸಾರು. ಬಲಿತ ಹಸಿಕಾಳನ್ನು ನೀರಿನಲ್ಲಿ ನೆನೆಯಿಟ್ಟು, ಹೆಬ್ಬೆರಳು ತೋರುಬೆರಳುಗಳ ನಡುವೆ ಒಂದೊಂದನ್ನಾಗಿ ಹಿದುಕಿದರೆ ಬೇಳೆಯು ಜಾರಿ ಬರುತ್ತದೆ. ಕೆಲಸವು ನಿಧಾನವಾದುದು, ಮನೆಮಂದಿಯೆಲ್ಲರೂ ಕುಳಿತರೆ ಮಾತ್ರ ಸಾಗತಕ್ಕದ್ದು. ಸಿಪ್ಪೆಯು ದನಗಳಿಗೆ ಮೇವಾಗುತ್ತದೆ. ಮಿಕ್ಕ ಕಾಳನ್ನು ಒಣಗಿಸಿದರೆ ಬೇಸಗೆಯ ಸಾರಿಗೂ ಒದಗುತ್ತದೆ.

ಈ ಅಡಿಗೆಯು ಕೇವಲ ನಾಲಗೆಯ ಚಪಲವಲ್ಲ. ರಾಗಿಯಲ್ಲಿ ಸುಣ್ಣದ ಅಂಶವು ಹೇರಳವಾಗಿದ್ದು, ನೂರು ಗ್ರಾಮಿನಲ್ಲಿ ಸುಮಾರು ೩೫೦ ಮಿಲಿಗ್ರಾಮಿನಷ್ಟು ದೊರೆಯುತ್ತದೆ. ಆದರೆ ಅದರ ಸಸಾರಜನಕವು ನೂರಕ್ಕೆ ಏಳು ಭಾಗದಷ್ಟೇ. ಒಣಗಿದ ಅವರೆಯಲ್ಲಿ ಇದು ನೂರಕ್ಕೆ ಇಪ್ಪತ್ತಕ್ಕೂ ಮೇಲ್ಪಟ್ಟಿರುತ್ತದೆ. ಧಾನ್ಯಗಳಲ್ಲಿ ಕೊರತೆಯಾಗುವ ಲೈಸಿನ್ ಎಂಬ ಅಂಶವನ್ನು ದ್ವಿದಳ ಧಾನ್ಯಗಳು ತುಂಬಿಕೊಡುತ್ತವೆ. ಮುದ್ದೆಗೆ ಕಾಳಿನ ಸಾರನ್ನು ಕೂಡಿಸಿದ ಹಿರಿಯರು ಈ ಹೆಸರುಗಳನ್ನು ಅರಿಯದಿದ್ದರೂ ಕೂಡಿಕೆಯನ್ನು ಸರಿಯಾಗಿಯೇ ಅರಿತಿದ್ದರು. ಬೆಳೆಯುವ ಮಕ್ಕಳಿಗೂ ಬಸುರಿ ಬಾಣಂತಿಯರಿಗೂ ಬರಿಯ ಮುದ್ದೆ, ಹುಣಸೆಯ ನೀರುಸಾರು ಸಾಲದು.

ಅಕ್ಕಡಿಯ ಕ್ರಮವು ಬಹು ಜಾಣತನದ್ದು. ಎಂಟು ಸಾಲು ರಾಗಿಗೆ ಒಂದು ಸಾಲು ಅವರೆ, ಇಲ್ಲವೆ ಎರಡು ಸಾಲು ತೊಗರಿ. ಜೊತೆಗೆ ಹುಚ್ಚೆಳ್ಳು, ಸಾಸಿವೆ, ಅಲಸಂದೆಗಳು ಒಂದಿಷ್ಟು. ನಾಡತಳಿಯ ಅವರೆಯು ಹಗಲು ಕಿರಿದಾಗುವವರೆಗೆ ಹೂವಿಗೆ ಬಾರದೆ ರಾಗಿಯ ನಡುವೆ ತಾಳ್ಮೆಯಿಂದ ನಿಂತಿರುತ್ತದೆ. ರಾಗಿಯು ಕೊಯ್ಲಾಗಿ ಬೆಳಕು ಬಿದ್ದಮೇಲೆ ಹರವಿಕೊಂಡು, ಇಬ್ಬನಿಯ ತೇವದಲ್ಲಿ ಕಾಯಿ ಕಟ್ಟುತ್ತದೆ. ಕಾಯಿಯ ಮೇಲೆ ಕೈಗೆ ಅಂಟುವ ಎಣ್ಣೆಯಂಥ ಜಿಡ್ಡೇ ಸೊಗಡು. ಹೆಬ್ಬಾಳದಲ್ಲಿ ರೂಪುಗೊಂಡ ಗಿಡ್ಡ ತಳಿಗಳು ಹಗಲಿನ ಅಳತೆಗೆ ಕಟ್ಟುಬೀಳದೆ ವರ್ಷವಿಡೀ ಫಲ ಕೊಡುವುದರಿಂದ ಮಾರಾಟಕ್ಕೆ ಬಹಳ ಅನುಕೂಲವಾಗಿವೆ. ಆದರೆ ಅಕ್ಕಡಿಗೆ ಕಾಯುವ ಗುಣವುಳ್ಳ ನಾಡತಳಿಯೇ ಮೇಲು. ಸೊಗಡಿಲ್ಲದ ಅವರೆಯ ಮಾತನ್ನು ಮನೆಯ ಹೆಂಗಸರೇ ಇತ್ಯರ್ಥ ಮಾಡತಕ್ಕದ್ದು! ಅವರೆಯ ಬೇರಿನ ಗಂಟುಗಳು ಗಾಳಿಯ ಸಾರಜನಕವನ್ನು ಹಿಡಿದು ನೆಲಕ್ಕೆ ಸೇರಿಸುವ ಉಪಕಾರವು ಬೇರೆ.

ಇಂಥ ಪದ್ಧತಿಯು ಅನೇಕ ಗ್ರಾಮಗಳಲ್ಲಿ ಹಿಂದೆಗೆಯುತ್ತಿರುವುದಕ್ಕೆ ರೈತರ ಸೋಮಾರಿತನವು ಕಾರಣವಲ್ಲ. ಕೂಲಿಯಾಳು ದೊರೆಯದು, ದೊರೆತರೂ ಕೂಲಿ ಹೆಚ್ಚು. ಕೊಯ್ಲಿನ ಯಂತ್ರಕ್ಕೆ ಹೊಲವೆಲ್ಲ ಒಂದೇ ಪೈರಾಗಿರಬೇಕು. ರಾಗಿಯ ಕಳೆಗೆ ಹೊಡೆಯುವ ೨,೪-ಡಿ ಎಂಬ ಔಷಧಿಯು ಅಗಲ ಎಲೆಯ ಗಿಡಗಳನ್ನು ಕೊಲ್ಲತಕ್ಕದ್ದಾದುದರಿಂದ ಅವರೆಯೂ ಹುಚ್ಚೆಳ್ಳೂ ಕಳೆಯೊಡನೆಯೇ ಸಾಯುತ್ತವೆ. ರಾಗಿಯನ್ನು ಸರಕಾರವು ಬೆಂಬಲ ಬೆಲೆಗೆ ಕೊಳ್ಳುವುದರಿಂದ ಅದಕ್ಕೆ ಲೆಕ್ಕವುಂಟು. ಅಕ್ಕಡಿಯ ಫಸಲು ಮಡಿಲಿನಲ್ಲಿ ಮನೆಗೆ ಬಂದು ಮಡಕೆಯಲ್ಲಿ ಬೆಂದುಹೋಗುವುದರಿಂದ ಯಾವ ಲೆಕ್ಕದ ಪುಸ್ತಕದಲ್ಲಿಯೂ ಕಾಣಿಸದು. ಕಾಣದ ಆದಾಯವನ್ನು ಯಜಮಾನನು ನಷ್ಟವೆಂದೇ ಎಣಿಸುವುದಿಲ್ಲ. ಅದೇ ಯಜಮಾನನು ಚಳಿಗಾಲದಲ್ಲಿ ಸಂತೆಯಿಂದ ಅವರೆಕಾಯಿಯನ್ನು ತೂಕಕ್ಕೆ ಕೊಂಡು ತರುವನು. ಕೊಳ್ಳಲು ಹಣವಿಲ್ಲದ ಮನೆಯಲ್ಲಿ ಕಾಳಿನ ಸಾರು ನಿಲ್ಲುವುದು.

ಇಲ್ಲಿಯೇ ಗ್ರಾಮದ ಮುಖಂಡರ, ದೊಡ್ಡ ಹಿಡುವಳಿದಾರರ ಹೊಣೆಯು ಬರುತ್ತದೆ. ಯಂತ್ರವನ್ನು ಊರಿಗೆ ಬಾಡಿಗೆಗೆ ಕರೆಸುವವರು ಅವರು. ಒಡ್ಡಿನ ಆಚೆಯ ಎರಡು ಎಕರೆಯವನು ಅವರನ್ನು ಅನುಸರಿಸುವನು. ಎಲ್ಲ ಜಮೀನಿನಲ್ಲಿಯೂ ಹಳೆಯ ಕ್ರಮವನ್ನೇ ಹಿಡಿಯಬೇಕೆಂಬುದು ಸಾಧ್ಯವಿಲ್ಲದ ಮಾತು, ಬೇಕಾದುದೂ ಅಲ್ಲ. ಮನೆಯ ಸಮೀಪದ ಒಂದು ತಾಕನ್ನು ಕುಡುಗೋಲಿನ ಕೊಯ್ಲಿಗೆ ಮೀಸಲಿಟ್ಟು ಅಲ್ಲಿ ಪೂರ್ಣವಾಗಿ ಅಕ್ಕಡಿ ಬಿತ್ತಬಹುದು. ಯಂತ್ರ ಹೋಗುವ ಹೊಲದಲ್ಲಿಯಾದರೂ ಬದುವಿನ ಉದ್ದಕ್ಕೂ ಅವರೆ, ತೊಗರಿಗಳ ಪಟ್ಟಿಯನ್ನು ಬಿಡಬಹುದು. ಆ ಪಟ್ಟಿಯ ಹತ್ತಿರ ಗಾಳಿಯ ದಿನ ಕಳೆಯೌಷಧಿಯನ್ನು ಹೊಡೆಯಕೂಡದು. ಕಾಯಿಕೊರಕದ ಭಯವನ್ನು ಮುಂದಿಟ್ಟು ಬಿತ್ತನೆಯನ್ನೇ ಬಿಡುವವರುಂಟು. ಮನೆಯ ಉಪಯೋಗಕ್ಕೆ ಹಸಿಯಾಗಿ ಕೀಳುವ ಫಸಲಿಗೆ ಈ ವಾದವು ಅಷ್ಟಾಗಿ ಸಲ್ಲದು. ಹುಳು ತಿಂದ ಕಾಯನ್ನು ಬಿಡಿಸುವಾಗಲೇ ಆರಿಸಿ ತೆಗೆಯಬಹುದು.

ಉತ್ತರದ ಜಿಲ್ಲೆಗಳಲ್ಲಿ ಎಳ್ಳ ಅಮಾವಾಸ್ಯೆಯಂದು ಸಜ್ಜೆಯ ರೊಟ್ಟಿ, ಕಾಳು ಸೊಪ್ಪುಗಳ ಭಜ್ಜಿಯನ್ನು ಹೊಲಕ್ಕೇ ಒಯ್ದು ಉಣ್ಣುವ ವಾಡಿಕೆಯಿದೆ. ಅಲ್ಲಿಯೂ ಭಜ್ಜಿಯ ಕಾಳು ಹೊಲದ್ದೋ ಅಂಗಡಿಯದೋ ಎಂದು ವಿಚಾರಿಸಿದರೆ ಊರಿನ ಸಾಗುವಳಿಯ ಸ್ಥಿತಿಯು ತಿಳಿಯುವುದು.

ಬೀಜದ ವಿಷಯವನ್ನು ಮಾತ್ರ ಬಿತ್ತನೆಯವರೆಗೆ ಮುಂದೂಡಲಾಗದು. ಕಾಯಿ ಕೀಳುವ ಈಗಲೇ, ಚೆನ್ನಾಗಿ ಫಲಿಸಿದ, ಸೊಗಡುಳ್ಳ ಹತ್ತಾರು ಗಿಡಗಳಿಗೆ ಗುರುತು ಕಟ್ಟಿ, ಆ ಕಾಯನ್ನು ಅಡಿಗೆಗೆ ಕೊಡದೆ ಗಿಡದಲ್ಲಿಯೇ ಒಣಗಲು ಬಿಡತಕ್ಕದ್ದು. ಒಣಗಿದ ಕಾಳನ್ನು ಬಿಸಿಲಿನಲ್ಲಿ ಹರಡಿ, ಕೆಮ್ಮಣ್ಣಿನ ನೀರು ಹಚ್ಚಿ, ಮತ್ತೆ ಗರಗರನೆ ಒಣಗಿಸಿ ಮಡಕೆಗೆ ತುಂಬಿ ಬಾಯಿ ಕಟ್ಟಿಟ್ಟರೆ ಆಷಾಢದವರೆಗೆ ಹುಳು ಹಿಡಿಯುವ ಭಯವು ಕಡಿಮೆ.