ಹುಟ್ಟುಗುಣವೆಂಬ ಸುಳ್ಳು ಲೆಕ್ಕ

‘ಹುಟ್ಟುಗುಣ ಸುಟ್ಟರೂ ಹೋಗದು’ ಎಂಬ ಗಾದೆ ನಮ್ಮ ಶಾಲೆಗಳಲ್ಲಿ ಎಷ್ಟು ಸಲ ಕೇಳಿಬರುತ್ತದೆಂಬುದನ್ನು ಯಾರೂ ಎಣಿಸಿಟ್ಟಿಲ್ಲ. ಹುಡುಗನಿಗೆ ಭಾಗಾಕಾರ ಬರಲಿಲ್ಲವೇ? ಅವನ ಅಪ್ಪನೂ ಹಾಗೆಯೇ ಇದ್ದ. ಹುಡುಗಿ ಚೆನ್ನಾಗಿ ಹಾಡಿದಳೇ? ಅದು ಆ ಮನೆತನದ ರಕ್ತದಲ್ಲಿಯೇ ಇದೆ. ಬೆಳಕೆಯಿಂದ ಕುಮಟೆಯವರೆಗೆ ಯಾವ ಶಾಲೆಯ ಮಾಸ್ತರರ ಕೋಣೆಯಲ್ಲಿ ಹತ್ತು ನಿಮಿಷ ಕುಳಿತರೂ ಈ ಮಾತು ಕಿವಿಗೆ ಬೀಳುತ್ತದೆ. ಗಾದೆಯ ಪ್ರಾಸ ಚೆನ್ನಾಗಿದೆ, ಒಪ್ಪುತ್ತೇನೆ. ಕಲಿಸುವ ಶ್ರಮವನ್ನು ತಪ್ಪಿಸಿಕೊಳ್ಳಲು ಇದಕ್ಕಿಂತ ಇಂಪಾದ ನೆಪ ಕನ್ನಡದಲ್ಲಿ ಇನ್ನೊಂದಿಲ್ಲ.

ನಾನು ಕನ್ನಡ ಕಲಿಸುವವನು. ವಿಜ್ಞಾನ ನನ್ನ ವಿಷಯವಲ್ಲ. ಆದರೂ ಈ ಮಾತೆತ್ತಲು ಕಾರಣವುಂಟು. ಎನ್‌ಸಿಇಆರ್‌ಟಿಯ ಹತ್ತನೆಯ ತರಗತಿಯ ವಿಜ್ಞಾನದ ಪುಸ್ತಕದಲ್ಲಿ, ಹುಟ್ಟಿನಿಂದ ಬರುವ ಲಕ್ಷಣ ಯಾವುದು, ಬಾಳಿನಲ್ಲಿ ಗಳಿಸಿದ್ದು ಯಾವುದು ಎಂದು ಬಿಡಿಸಿ ಹೇಳುವ ಒಂದು ಭಾಗವಿತ್ತು. ಇಲಿಯ ಬಾಲವನ್ನು ತಲೆಮಾರು ತಲೆಮಾರಾಗಿ ಕತ್ತರಿಸಿದರೂ ಮರಿಗಳು ಬಾಲ ಹೊತ್ತುಕೊಂಡೇ ಹುಟ್ಟುತ್ತವೆ ಎಂಬ ದೃಷ್ಟಾಂತ ಅಲ್ಲಿತ್ತು. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಜರ್ಮನಿಯ ವೈಸ್‌ಮನ್ ಇಲಿಗಳ ಮೇಲೆ ನಿಜವಾಗಿಯೇ ಮಾಡಿ ನೋಡಿದ ಪ್ರಯೋಗವದು. 2022ರಲ್ಲಿ, ಮಕ್ಕಳ ಹೊರೆ ಇಳಿಸುವ ಹೆಸರಿನಲ್ಲಿ, ಜೀವವಿಕಾಸದ ಪಾಠದೊಡನೆ ಈ ಭಾಗವನ್ನೂ ಕಿತ್ತುಹಾಕಿದರು. 2023ರಲ್ಲಿ ಸಾವಿರಾರು ವಿಜ್ಞಾನಿಗಳೂ ಅಧ್ಯಾಪಕರೂ ಸಹಿ ಹಾಕಿ ಪ್ರತಿಭಟಿಸಿದ್ದು ಮುಖ್ಯವಾಗಿ ಡಾರ್ವಿನ್ನನಿಗಾಗಿ. ಡಾರ್ವಿನ್ನನಿಗೆ ದೊಡ್ಡ ದೊಡ್ಡ ವಕೀಲರು ಸಿಕ್ಕರು. ಬಾಲ ಕತ್ತರಿಸಿಕೊಂಡ ಇಲಿಯ ಪರವಾಗಿ ಮಾತನಾಡಿದವರು ಕಡಿಮೆ. ನಾನು ಆ ಇಲಿಯ ಕಡೆಯವನು.

ನಮ್ಮ ಭಾಷೆಯೂ ಇದರಲ್ಲಿ ಸ್ವಲ್ಪ ಅಪರಾಧಿ. ‘ಗುಣ’ ಎಂಬ ಒಂದೇ ಶಬ್ದವನ್ನು ನಾವು ಎಲ್ಲಕ್ಕೂ ದುಡಿಸುತ್ತೇವೆ. ಬೆಕ್ಕಿನ ಕಣ್ಣು ಒಂದು ಗುಣ. ಸುಳ್ಳು ಹೇಳುವುದೂ ಗುಣ. ಬೆಲ್ಲದ ಸಿಹಿಯೂ ಗುಣ. ಜ್ವರ ಬಿಟ್ಟರೆ ಅದೂ ಗುಣ. ‘ಸಂಸ್ಕಾರ’ದ ಗತಿ ಇನ್ನೂ ವಿಚಿತ್ರ. ಮಾಡಿ ತಿದ್ದಿದ್ದು ಎಂಬರ್ಥದ ಆ ಮಾತನ್ನು ಮಾಡದೆಯೇ, ತಿದ್ದದೆಯೇ ಮನೆತನದಿಂದ ಇಳಿದುಬರುವ ಆಸ್ತಿಯೆಂಬಂತೆ ಬಳಸುತ್ತೇವೆ. ಮಾತು ಹೀಗೆ ಕಲಸಿಹೋದಲ್ಲಿ ಮಕ್ಕಳ ತಲೆ ತಿಳಿಯಾಗಿರಲೆಂದರೆ ಹೇಗಾದೀತು?

ಕಲಿಸಲು ಸಾಮಗ್ರಿಗೆ ನಮ್ಮಲ್ಲಿ ಬಡತನವಿಲ್ಲ. ಹೊನ್ನಾವರದ ಕಾಸರಕೋಡು ಟೊಂಕದ ದಂಡೆಗೆ ಕಡಲಾಮೆಗಳು ಬಂದು ಮರಳಲ್ಲಿ ಮೊಟ್ಟೆಯಿಟ್ಟು ಅದೇ ರಾತ್ರಿ ಕಡಲಿಗೆ ಮರಳುತ್ತವೆ. ವಾರಗಳ ಮೇಲೆ ಮರಳನ್ನು ಸರಿಸಿ ಹೊರಬರುವ ಮರಿಗೆ ತಾಯಿಯ ಪರಿಚಯವೇ ಇಲ್ಲ. ಆದರೂ ಅದು ಬೆಳಕು ಕಾಣುವ ನೀರಿನ ಕಡೆಗೇ ತೆವಳುತ್ತದೆ; ಯಾರೂ ಕಲಿಸಿದ್ದಲ್ಲ. ಅದೇ ದಂಡೆಯ ಮೀನುಗಾರರ ಮಗುವನ್ನು ನೋಡಿರಿ. ಅದರ ಅಜ್ಜನ ಅಜ್ಜನೂ ಬಲೆ ಬೀಸಿದವನೇ ಇರಬಹುದು. ಮಗುವಿಗೆ ಮಾತ್ರ ಈಜನ್ನೂ ಕಲಿಸಬೇಕು, ಬಲೆ ಬೀಸುವುದನ್ನೂ ಕಲಿಸಬೇಕು, ಗಾಳಿಯ ಗುರುತನ್ನೂ ಕಲಿಸಬೇಕು. ಕಾಗೆಯ ಗೂಡಿನಲ್ಲಿ ಬೆಳೆದ ಕೋಗಿಲೆ ದೊಡ್ಡದಾದ ಮೇಲೆ ಕೋಗಿಲೆಯಾಗಿಯೇ ಕೂಗುತ್ತದೆ ಎಂಬುದನ್ನು ಹಿಡಿದುಕೊಂಡು ನಮ್ಮವರು ಮನುಷ್ಯರ ಮೇಲೆ ತೀರ್ಪು ಕೊಡುತ್ತಾರೆ. ಭಟ್ಕಳದ ನವಾಯತರ ಮನೆಯ ಹಸುಳೆಯನ್ನು ಕನ್ನಡದ ಮನೆಯಲ್ಲಿಯೂ, ಕನ್ನಡದ ಮನೆಯ ಹಸುಳೆಯನ್ನು ನವಾಯತರ ಮನೆಯಲ್ಲಿಯೂ ಬೆಳೆಸಿದರೆ ಯಾವುದು ಯಾವ ಮಾತನ್ನಾಡೀತು? ಮಾತು ಕಲಿಯುವ ಶಕ್ತಿ ಹುಟ್ಟಿನದು, ಮಾತು ಮನೆಯದು. ಹತ್ತು ವರ್ಷದ ಮಗುವಿಗೆ ಇದು ಹೊಳೆಯುತ್ತದೆ. ಹೊಳೆಯದಿರುವುದು ನಮಗೆ.

ಯಕ್ಷಗಾನದ ಮಾತಿಗೆ ಬರೋಣ. ಏಕೆಂದರೆ ‘ರಕ್ತಗತ’ ಎಂಬ ಶಬ್ದ ಇಲ್ಲಿ ಹೆಚ್ಚು ಮೆರೆಯುತ್ತದೆ. ಕೆರೆಮನೆ ಶಿವರಾಮ ಹೆಗಡೆಯವರು 1934ರಲ್ಲಿ ಇಡಗುಂಜಿ ಮೇಳ ಕಟ್ಟಿದರು; ಮಗ ಶಂಭು ಹೆಗಡೆಯವರು ಅದನ್ನು ಬೆಳೆಸಿದರು; ಮೊಮ್ಮಗನೂ ಅದೇ ರಂಗದಲ್ಲಿದ್ದಾರೆ. ನೋಡಿದಿರಾ ರಕ್ತದ ಮಹಿಮೆಯನ್ನು, ಎನ್ನುತ್ತಾರೆ. ನಾನು ನೋಡುವುದು ಬೇರೆಯೇ. ರಕ್ತವೇ ಸಾಕಾಗುವಂತಿದ್ದರೆ ಶಂಭು ಹೆಗಡೆಯವರು ದೆಹಲಿಗೆ ಹೋಗಿ ಮಾಯಾ ರಾವ್ ಅವರಲ್ಲಿ ನೃತ್ಯಸಂಯೋಜನೆ ಕಲಿಯುವ ಗರಜು ಏನಿತ್ತು? ಗುಣವಂತೆಯಲ್ಲಿ ಶ್ರೀಮಯ ಎಂಬ ಕಲಾಕೇಂದ್ರ ತೆರೆದು ಪರರ ಮಕ್ಕಳಿಗೆ ತಾಳ, ಹೆಜ್ಜೆ ಹೇಳಿಕೊಡುವ ಗರಜು ಏನಿತ್ತು? ಕಲಾವಿದರಿಗೆ ಗೊತ್ತಿರುವ ಸಂಗತಿ ಅಭಿಮಾನಿಗಳಿಗೆ ಗೊತ್ತಿಲ್ಲ. ಚೌಕಿಯಲ್ಲಿ ಆಡುತ್ತ ಬೆಳೆದ ಮಗುವಿಗೆ ನಾಲ್ಕು ವರ್ಷಕ್ಕೇ ಪಾಠ ಶುರುವಾಗಿರುತ್ತದೆ. ನಾವು ಆ ಪಾಠವನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ, ಅಷ್ಟೆ.

ಹೊಗಳಿಕೆಯಲ್ಲಿಯೇ ಹೀಗಾದರೆ, ಹೊಗಳಿಕೆಯ ವೇಷದ ಅವಮಾನ ಇನ್ನೊಂದಿದೆ. ಅಂಕೋಲೆಯ ಹೊನ್ನಳ್ಳಿಯ ತುಳಸಿ ಗೌಡರು 2024ರ ಡಿಸೆಂಬರಿನಲ್ಲಿ ತೀರಿಕೊಂಡಾಗ, ಹಾಲಕ್ಕಿಗಳಿಗೆ ಕಾಡಿನ ಜ್ಞಾನ ರಕ್ತದಲ್ಲಿಯೇ ಬಂದಿರುತ್ತದೆ ಎಂಬ ಮಾತನ್ನು ನಾನು ಸುಶಿಕ್ಷಿತರ ಬಾಯಲ್ಲೇ ಕೇಳಿದೆ. ಆ ತಾಯಿ ಎಳವೆಯಲ್ಲಿಯೇ ತಾಯಿಯ ಜೊತೆ ಅರಣ್ಯ ಇಲಾಖೆಯ ಸಸ್ಯಪಾಲನಾ ಕ್ಷೇತ್ರಕ್ಕೆ ಕೂಲಿಗೆ ಹೋದವರು. ಯಾವ ಮರದ ಬೀಜ ಯಾವ ಕಾಲಕ್ಕೆ ತೆಗೆಯಬೇಕು, ಯಾವುದು ತಾಯಿಮರ ಎಂಬುದನ್ನು ದಶಕಗಟ್ಟಲೆ ಕಣ್ಣಿಟ್ಟು, ಕೈಯಿಟ್ಟು ಕಲಿತವರು. ಕಾಲೇಜಿನಲ್ಲಿ ಮೂರು ವರ್ಷ ಓದಿದವನದು ವಿದ್ಯೆ; ಒಂದು ಜನ್ಮ ಕಲಿತವಳದು ಬರಿಯ ರಕ್ತ! ಇದಾವ ನ್ಯಾಯ?

ಇದೇ ಜಿಲ್ಲೆಯ ಘಟ್ಟದ ಮೇಲೆ, ಯಲ್ಲಾಪುರ ಹಳಿಯಾಳದ ಕಡೆ, ಸಿದ್ದಿಗಳಿದ್ದಾರೆ. ಅವರ ಪೂರ್ವಜರು ಆಫ್ರಿಕದವರು. ಹಲವರು ಪೋರ್ತುಗೀಜರ ಕಾಲದಲ್ಲಿ ಗುಲಾಮರಾಗಿ ಬಂದವರು. 1987ರ ಹೊತ್ತಿಗೆ ಭಾರತೀಯ ಕ್ರೀಡಾ ಪ್ರಾಧಿಕಾರವು ಆಫ್ರಿಕದ ರಕ್ತದಲ್ಲಿ ಪದಕಗಳಿರಬೇಕೆಂದು ನಂಬಿ ಸಿದ್ದಿ ಮಕ್ಕಳನ್ನು ಆರಿಸಿ ತರಬೇತಿಗೆ ಒಯ್ದಿತು. ಮಕ್ಕಳು ಓಡಿದರು, ಕೆಲವರು ರಾಷ್ಟ್ರಮಟ್ಟದಲ್ಲಿ ಗೆದ್ದರು. ಕೆಲವು ವರ್ಷಗಳಲ್ಲಿ ಯೋಜನೆ ನಿಂತಿತು, ಮಕ್ಕಳು ಕಾಡಿಗೂ ಕೂಲಿಗೂ ಮರಳಿದರು. ರಕ್ತ ಎಲ್ಲಿಗೂ ಹೋಗಿರಲಿಲ್ಲ. ಹೋದದ್ದು ಹೊಟ್ಟೆತುಂಬ ಊಟ, ಮೈದಾನ ಮತ್ತು ಕಲಿಸುವ ಮನುಷ್ಯ.

ರಕ್ತದಲ್ಲಿ ಪದಕ ಹುಡುಕುವ ಕೈ ರಕ್ತದಲ್ಲಿ ಕಳ್ಳತನವನ್ನೂ ಹುಡುಕುತ್ತದೆ. 1871ರಲ್ಲಿ ಬ್ರಿಟಿಷರು ಅಪರಾಧಿ ಬುಡಕಟ್ಟುಗಳ ಕಾಯಿದೆ ಮಾಡಿದರು. ಮುಂದೆ ಅದು ನಮ್ಮ ಮುಂಬಯಿ ಪ್ರಾಂತಕ್ಕೂ ಬಂತು. ಬಡಗಿಯ ಮಗ ಬಡಗಿಯಾಗುವಂತೆ ಕಳ್ಳನ ಮಗ ಕಳ್ಳನಾಗುತ್ತಾನೆ ಎಂಬುದೇ ಅದರ ತರ್ಕ. ಇಡೀ ಜನಾಂಗಗಳನ್ನು ದಾಖಲೆ ಮಾಡಿ, ದಿನವೂ ಹಾಜರಿ ಹಿಡಿದು, ಬೇಲಿಯೊಳಗಿಟ್ಟರು. ಹುಬ್ಬಳ್ಳಿಯಲ್ಲಿ ‘ಸೆಟ್ಲಮೆಂಟ್’ ಎಂಬ ಹೆಸರು ಇನ್ನೂ ಬಾಯಲ್ಲಿ ಉಳಿದಿದೆ. ಕಾಯಿದೆ ರದ್ದಾದದ್ದು 1952ರಲ್ಲಿ, ಸ್ವಾತಂತ್ರ್ಯ ಬಂದು ಐದು ವರ್ಷಗಳ ಮೇಲೆ. ‘ಅವನ ಅಪ್ಪನೂ ಹಾಗೆಯೇ ಇದ್ದ’ ಎನ್ನುವ ಮಾಸ್ತರರು ತಮಗರಿಯದೆಯೇ ಆ ಕಾಯಿದೆಯ ಒಂದು ಕಲಮನ್ನು ತರಗತಿಯಲ್ಲಿ ಜಾರಿ ಮಾಡುತ್ತಿರುತ್ತಾರೆ.

ನಮ್ಮ ಪುರಾಣದಲ್ಲಿಯೂ ಅಂಥ ಗುರುವೊಬ್ಬನಿದ್ದಾನೆ. ಕರ್ಣನ ತೊಡೆಯನ್ನು ಹುಳು ಕೊರೆಯಿತು. ಗುರುವಿನ ನಿದ್ದೆ ಕೆಡಬಾರದೆಂದು ಅವನು ಅಲುಗಲಿಲ್ಲ. ಎಚ್ಚರಾದ ಪರಶುರಾಮ ರಕ್ತ ನೋಡಿದ. ಇಷ್ಟು ನೋವು ತಾಳುವವನು ಬ್ರಾಹ್ಮಣನಲ್ಲ ಎಂದು ಕುಲವನ್ನು ತರ್ಕಿಸಿದ. ಶಿಷ್ಯನ ಗುರುಭಕ್ತಿ ಅವನಿಗೆ ಕಾಣಲಿಲ್ಲ. ಕರ್ಣ ಸುಳ್ಳು ಹೇಳಿದ್ದು ತಪ್ಪೇ. ಆದರೆ ಶಾಪದ ಸ್ವರೂಪ ನೋಡಿರಿ: ಕಲಿತದ್ದು ಬೇಕಾದ ಹೊತ್ತಿಗೆ ನೆನಪಾಗದಿರಲಿ ಎಂದು. ಹುಟ್ಟಿನ ಹೆಸರಿನಲ್ಲಿ ಕಲಿಕೆಯನ್ನು ಕಸಿದುಕೊಂಡದ್ದಕ್ಕೆ ಇದಕ್ಕಿಂತ ಸ್ಪಷ್ಟವಾದ ಕಥೆ ಬೇಕೆ?

ಹಾಗಾದರೆ ಹುಟ್ಟಿನಿಂದ ಏನೂ ಬರುವುದಿಲ್ಲವೇ ಎಂದು ಯಾರಾದರೂ ಕೇಳಬಹುದು. ಬರುತ್ತದೆ. ರಕ್ತದ ಗುಂಪು ಬರುತ್ತದೆ, ಕಣ್ಣಿನ ಬಣ್ಣ ಬರುತ್ತದೆ. ಎತ್ತರ ಅರ್ಧ ದಾರಿ ಹುಟ್ಟಿನೊಡನೆ ಬಂದು, ಉಳಿದರ್ಧಕ್ಕೆ ಅನ್ನವನ್ನು ಕಾಯುತ್ತದೆ. ವಿಜ್ಞಾನದವರೂ ಇಲ್ಲಿ ಎಡವಿದ್ದಾರೆ: ನಾಲಿಗೆಯನ್ನು ಸುರುಳಿ ಮಾಡುವುದು ಶುದ್ಧ ಹುಟ್ಟುಗುಣವೆಂದು 1940ರಲ್ಲಿ ಸ್ಟರ್ಟವಂಟ್ ಹೇಳಿದರು; 1952ರಲ್ಲಿ ಏಕರೂಪದ ಅವಳಿಗಳನ್ನು ನೋಡಿದಾಗ ಒಬ್ಬರಿಗೆ ಬಂದದ್ದು ಇನ್ನೊಬ್ಬರಿಗೆ ಬಾರದ ಜೋಡಿಗಳು ಸಿಕ್ಕವು. ಸ್ಟರ್ಟವಂಟರೂ ಮುಂದೆ ಅದನ್ನು ಒಪ್ಪಿಕೊಂಡರು. ನಾಲಿಗೆಯ ಸುರುಳಿಗೇ ಇಷ್ಟು ಎಚ್ಚರ ಬೇಕಾದರೆ, ಬುದ್ಧಿ, ಶೀಲ, ಪ್ರಾಮಾಣಿಕತೆಗಳನ್ನು ಕುಲಕ್ಕೆ ಕಟ್ಟುವಾಗ ಎಷ್ಟು ಬೇಡ?

ದೆಹಲಿಯವರು ಕಿತ್ತ ಹಾಳೆಯನ್ನು ಮರಳಿ ಅಂಟಿಸುವ ತನಕ ನಮ್ಮ ಮಾಸ್ತರರೂ ಅಕ್ಕೋರುಗಳೂ ಕಾಯಬೇಕಾಗಿಲ್ಲ. ಕರಿಹಲಗೆಯ ನಡುವೆ ಒಂದು ಗೆರೆ ಎಳೆದು, ಒಂದು ಕಡೆ ಹುಟ್ಟಿನದು, ಇನ್ನೊಂದು ಕಡೆ ಕಲಿತದ್ದು ಎಂದು ಬರೆದು ಸುಣ್ಣದ ಕಡ್ಡಿಯನ್ನು ಮಕ್ಕಳ ಕೈಗೆ ಕೊಡಲಿ. ಆಮೆಯ ಮರಿ ಒಂದು ಕಡೆ ಹೋಗುತ್ತದೆ, ಚಂಡೆಯ ಪೆಟ್ಟು ಇನ್ನೊಂದು ಕಡೆ. ಎತ್ತರದಂಥವು ಗೆರೆಯ ಮೇಲೆಯೇ ಕುಳಿತುಕೊಳ್ಳಲಿ. ಯಾವುದೋ ಮಗು ಎದ್ದುಬಂದು ಹುಟ್ಟಿನ ಕಡೆಗೆ ಒಂದು ಜಾತಿಯ ಹೆಸರನ್ನೂ ಅದರ ಮುಂದೆ ಒಂದು ಕೆಟ್ಟ ಮಾತನ್ನೂ ಬರೆದರೆ, ಅಳಿಸುವ ಮೊದಲು, ಇದನ್ನು ನಿನಗೆ ಯಾರು ಹೇಳಿಕೊಟ್ಟರು ಎಂದು ಕೇಳಲಿ.