ಎಡೆದೊರೆಯ ಎರಡು ದಡ, ಚೀನದ ಒಂದೇ ಪಿಂಗಾಣಿ

ಬೇಸಿಗೆಯಲ್ಲಿ ರಾಯಚೂರಿನ ಕೋಟೆಯತ್ತ ಜನ ಬರುವುದು ಬಿಸಿಲಿಳಿದ ಮೇಲೆ. ದೇವದುರ್ಗ, ಮಾನ್ವಿಗಳಿಂದ ಮಕ್ಕಳೊಡನೆ ಬರುವ ಕುಟುಂಬಗಳು ಇಲ್ಲಿ ಕೇಳುವ ಕಥೆ ಹೆಚ್ಚಾಗಿ ಒಂದೇ: 1520ರಲ್ಲಿ ಕೃಷ್ಣದೇವರಾಯನು ಇಸ್ಮಾಯಿಲ್ ಆದಿಲ್‌ಶಾಹನನ್ನು ಸೋಲಿಸಿ ಕೋಟೆಯನ್ನು ಗೆದ್ದದ್ದು. ಕಥೆ ನಿಜ; ಆದರೆ ಕೃಷ್ಣಾ–ತುಂಗಭದ್ರೆಗಳ ನಡುವಣ ಎಡೆದೊರೆ ನಾಡು ಬರಿಯ ರಣಭೂಮಿಯೆಂಬ ಭಾವನೆಯನ್ನು ಅದು ಉಳಿಸಿಬಿಡುತ್ತದೆ. ಈ ಭಾವನೆಯನ್ನು ತಿದ್ದಬಲ್ಲ ಸಾಕ್ಷ್ಯವೊಂದು ಚೀನದಿಂದ ಬಂದದ್ದು.

ಹಂಪಿಯಲ್ಲಿ ಗಣ್ಯರ ನಿವಾಸಗಳಿದ್ದ ಪ್ರದೇಶದ ಉತ್ಖನನದಲ್ಲಿ ಚೀನದ ಪಿಂಗಾಣಿಯ ಚೂರುಗಳು ದೊರೆತಿವೆ. ವಿಜಯಪುರದ ಗೋಲ್‌ಗುಂಬಜ್ ಆವರಣದ ವಸ್ತುಸಂಗ್ರಹಾಲಯದಲ್ಲಿಯೂ ಚೀನದ ಪಿಂಗಾಣಿ ಪಾತ್ರೆಗಳಿವೆ. ರಾಯಚೂರಿಗಾಗಿ ಕಾದಾಡಿದ ಎರಡು ರಾಜ್ಯಗಳೂ ಒಂದೇ ದೂರದೇಶದ ಪಾತ್ರೆಗಳನ್ನು ಮೆಚ್ಚಿದ್ದವು. ಕಡಲ ವ್ಯಾಪಾರಕ್ಕೆ ವಿಜಯನಗರಕ್ಕೆ ಭಟ್ಕಳವಿತ್ತು. 1510ರಲ್ಲಿ ಪೋರ್ಚುಗೀಸರ ವಶವಾಗುವವರೆಗೆ ಆದಿಲ್‌ಶಾಹಿಗಳಿಗೆ ಗೋವೆಯಿತ್ತು. ಸೈನ್ಯಗಳು ಎದುರುಬದುರಾಗಿದ್ದರೂ ಅಭಿರುಚಿ ಒಂದೇ ಆಗಿತ್ತು.

ಭಾಷೆಯೂ ಇದಕ್ಕೆ ಸಾಕ್ಷಿ. ರೇಷ್ಮೆಗೆ ನಮ್ಮ ಕವಿಗಳು ಬಳಸಿದ ‘ಚೀನಾಂಬರ’ದಲ್ಲಿ ದೇಶದ ಹೆಸರೇ ಇದೆ. ‘ಪಿಂಗಾಣಿ’ಯ ಮೂಲವಾದರೋ ಬಟ್ಟಲೆಂಬ ಅರ್ಥದ ಪಾರಸಿ ‘ಪಿಂಗಾನ್’. ವಸ್ತು ಚೀನದ್ದು, ಹೆಸರು ಪಾರಸಿಯದು, ಬಳಕೆ ಕನ್ನಡದ್ದು.

ಇಂತಹ ವಸ್ತುವಿನ ಮುಂದೆ ಹೆಸರು, ಶತಮಾನಗಳಷ್ಟನ್ನೇ ಬರೆದ ಫಲಕವಿದ್ದರೆ ನೋಡುವವರಿಗೆ ಅದು ಅರಸರ ವೈಭವದ ಸಾಮಾನು ಮಾತ್ರ. ಹಂಪಿಯ ಒಡೆದ ಚೂರು ಒಂಟಿಯಾಗಿ ಮೂಕ. ವಿಜಯಪುರದ ಇಡೀ ಪಾತ್ರೆಯ ಪಕ್ಕದಲ್ಲಿಟ್ಟರೆ ಅದರ ಪೂರ್ಣಾಕೃತಿ ಮಗುವಿಗೂ ಹೊಳೆಯುತ್ತದೆ. ಅವೆರಡನ್ನು ಒಟ್ಟಿಗಿಡಲು ಎರಡು ರಾಜಧಾನಿಗಳ ನಡುವಿನ ರಾಯಚೂರಿಗಿಂತ ಉಚಿತವಾದ ಊರಿಲ್ಲ. ಶಿಲ್ಪಗಳನ್ನು ಕಾಪಾಡಿಕೊಂಡಿರುವ ನವರಂಗ ದರ್ವಾಜಾ ಇಲ್ಲಿಯೇ ಇದೆ. ಕೆಲವು ತಿಂಗಳ ಮಟ್ಟಿಗೆ ಎರವಲು ತಂದು, ವಿವರವಾದ ಕನ್ನಡ ಫಲಕಗಳೊಡನೆ, ದುಡಿಯುವವರಿಗೂ ಸಾಧ್ಯವಾಗುವಂತೆ ಸಂಜೆಯ ಹೊತ್ತು ಪ್ರದರ್ಶನ ಏರ್ಪಡಿಸಬೇಕು.

ಬೆಲೆಬಾಳುವ ಭಂಗುರ ವಸ್ತುಗಳನ್ನು ಸಾಗಿಸುವುದು ಅಪಾಯಕರವೆಂಬ ಆಕ್ಷೇಪ ನ್ಯಾಯವಾದುದೇ. ಅದಕ್ಕೆ ಭದ್ರ ಪೆಟ್ಟಿಗೆ, ವಿಮೆ, ತರಬೇತಾದ ಸಿಬ್ಬಂದಿ ಬೇಕು. ಆದರೆ ಚೀನದಿಂದ ಕಡಲು ದಾಟಿ, ಘಟ್ಟವೇರಿ ಬಂದ ಪಾತ್ರೆಗೆ ವಿಜಯಪುರದಿಂದ ರಾಯಚೂರು ದೂರವಾಗಬಾರದು. ಕೋಟೆಯ ಗೋಡೆಗಳು ಯಾರು ಗೆದ್ದರೆಂಬುದನ್ನು ಹೇಳುತ್ತವೆ. ಗೆದ್ದವರೂ ಸೋತವರೂ ಹಂಚಿಕೊಂಡಿದ್ದುದೇನು ಎಂಬುದನ್ನು ಹೇಳಲು ಒಂದು ಬಟ್ಟಲು ಬೇಕು.